ಮೇಷ್ಟ್ರ ಪದಗಳು ಮನೆ ಬದಲಿಸಿದ್ದು

ಸರ್ವರ್ ಇಟ್ಟುಕೊಂಡವರು ಫಜೀತಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ವಿಳಾಸ ಕೇಳಿಕೊಂಡು ಬರುತ್ತದೆ. ಟೆಲಿಫೋನ್ ತಂತಿಯಲ್ಲಿ ಬ್ರಾಡ್‌ಬ್ಯಾಂಡ್ ಬಂದ ಹೊಸತು. ಕೊಟ್ಟೂರಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಹಡಗಲಿಯ ಕನ್ನಡ ಮೇಷ್ಟ್ರೊಬ್ಬರು ಸಂತೆ, ಕುರಿಹಟ್ಟಿ ಸುತ್ತಿ ಮೂರು ವರ್ಷ ಪದ ಕೂಡಿಸಿದ್ದರು. ಅವನ್ನಿಟ್ಟುಕೊಂಡು ಕಾಗುಣಿತ ತಿದ್ದುವ ತಂತ್ರಾಂಶ ಮಾಡಿ, ಯಾರು ಬೇಕಾದರೂ ಪುಕ್ಕಟೆ ಬಳಸಲಿ, ಬೇಕಾದಂತೆ ಬದಲಿಸಿಕೊಳ್ಳಲಿ ಎಂದು ಬಿಟ್ಟಿದ್ದೆವು. ಪದಗಳೂ ಬಳಸಿದವರ ದೂರುಗಳೂ ಒಂದೇ ಕಂಪ್ಯೂಟರಿನಲ್ಲಿದ್ದವು; ಅದೇ ನಮ್ಮ ಸರ್ವರ್. ಅದು ಕೆಟ್ಟರೆ ತಮ್ಮ ಪದಗಳು ಹೋದವು ಎಂಬುದೇ ಮೇಷ್ಟ್ರ ಭಯ.

ಜವಳಿ ಅಂಗಡಿಯ ಅಟ್ಟ

ಮೊದಲು ಆ ಕಂಪ್ಯೂಟರನ್ನು ಜವಳಿ ಸಾಹುಕಾರರೊಬ್ಬರ ಅಂಗಡಿಯ ಅಟ್ಟದಲ್ಲಿಟ್ಟೆವು. ಅವರಲ್ಲಿ ಜನರೇಟರ್ ಇತ್ತು. ಕೆಲವೇ ತಿಂಗಳಲ್ಲಿ ದೂರು ಬಂತು: ನಮ್ಮ ವೆಬ್‌ಸೈಟು ತಿಂಗಳಿಗೊಂದು ದಿನ ಪೂರ್ತಿ ಮಾಯವಾಗುತ್ತದೆ. ತಾರೀಖು ಮಾತ್ರ ಪ್ರತಿ ಸಲ ಬೇರೆ. ನಾನು ಮೂರು ವಾರ ತಂತ್ರಾಂಶವನ್ನು ಸಾಲುಸಾಲಾಗಿ ಜಾಲಾಡಿದೆ. ಕಡೆಗೆ ಮೇಷ್ಟ್ರು ಆ ತಾರೀಖುಗಳನ್ನು ಗೋಡೆಯ ಕ್ಯಾಲೆಂಡರಿಗೆ ಹಿಡಿದು ನೋಡಿದರು. ಎಲ್ಲವೂ ಕಪ್ಪು ಬೊಟ್ಟಿದ್ದ ದಿನಗಳು.

ಸಾಹುಕಾರರನ್ನು ಕೇಳಿದೆವು. "ಅಮಾಸಿ ದಿನ ಅಂಗಡಿ ಬಂದ್ ಅಲ್ರಿ? ಪೂಜಿ ಮಾಡಿ, ಮೇನ್ ಸ್ವಿಚ್ ಇಳಿಸಿ ಮನಿಗೆ ಹೋಗ್ತೀನಿ" ಎಂದರು.

ದೂರಿನ ಪಟ್ಟಿಯಲ್ಲಿ ‘ಕಾರಣ’ ಎಂಬಲ್ಲಿ ಅಮಾವಾಸ್ಯೆ ಎಂದು ಬರೆದೆ. ‘ಯಾವಾಗ ಸರಿಹೋಗುತ್ತದೆ’ ಎಂಬಲ್ಲಿ ಪಾಡ್ಯ ಎಂದು ಬರೆದೆ.

ಪುಕ್ಕಟೆ ಕಂಪನಿ

ದೊಡ್ಡ ಊರಿನ ಕಂಪನಿಯೊಂದು ನಮ್ಮಂಥವರಿಗೆ ಪುಕ್ಕಟೆ ಜಾಗ ಕೊಡುತ್ತದೆಂದು ಅಲ್ಲಿಗೆ ಹೋದೆವು. ಅಮಾವಾಸ್ಯೆಯ ಕಾಟ ತಪ್ಪಿತು. ಆದರೆ ಪ್ರತಿ ಪದದ ಪಕ್ಕ ಕೂದಲು ಬೆಳೆಸುವ ಎಣ್ಣೆಯ ಜಾಹೀರಾತು ಬಂತು. ಮೇಷ್ಟ್ರು ಬೋಳುತಲೆ ಸವರಿಕೊಂಡು, "ನಾನು ಪದ ಅಷ್ಟ ಕೊಟ್ಟೀನಿ. ನನ್ನ ತಲಿ ಸುದ್ದಿ ಅವರಿಗೆ ಯಾರು ಹೇಳಿದ್ರು?" ಎಂದರು.

ವರ್ಷದೊಳಗೆ ಕಂಪನಿ ಕೈ ಬದಲಾಯಿತು. ಹದಿನೈದು ದಿನದಲ್ಲಿ ಜಾಗ ಖಾಲಿ ಮಾಡಿ ಎಂದರು. ಪದಗಳನ್ನು ಇಳಿಸಿಕೊಳ್ಳಲು ಹೋದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಹನ್ನೊಂದು ಇಮೇಲ್ ಪತ್ರ ಬರೆದೆ. ಹನ್ನೊಂದಕ್ಕೂ ‘ನಿಮ್ಮ ಪತ್ರ ತಲುಪಿದೆ, ನೀವು ನಮಗೆ ಮುಖ್ಯ’ ಎಂಬ ಒಂದೇ ಉತ್ತರ. ಸಾಹುಕಾರರು ಅದನ್ನು ಓದಿ, "ನನ್ನ ಅಂಗಡ್ಯಾಗ ಸೀರಿ ಬಣ್ಣ ಬಿಟ್ರ ಮಂದಿ ಬಂದು ಬಾಗಲಾಗ ಕುಂದರ್ತಾರ. ಇವರ ಬಾಗಲಾ ಎಲ್ಲೈತಿ ಹೇಳ್ರಿ, ಹೋಗಿ ಕುಂದ್ರೋಣು" ಎಂದರು.

ಎಲ್ಲರ ಸರ್ವರ್

ಹದಿನಾಲ್ಕನೆಯ ದಿನ ಹೇಗೋ ಪದಗಳು ಕೈಗೆ ಬಂದವು. ನಮ್ಮಂಥ ಹಲವರು ಸೇರಿ ತಮ್ಮದೇ ಸರ್ವರ್ ನಡೆಸುತ್ತಿದ್ದಾರೆಂದು ತಿಳಿದು ಅಲ್ಲಿ ಸೇರಿದೆವು. ಅಲ್ಲಿ ಮಾಲೀಕರೇ ಇಲ್ಲ, ವಾರಕ್ಕೊಬ್ಬರ ಪಾಳಿ. ನಾನೂ ಹೆಸರು ಕೊಟ್ಟೆ, ಕೊಟ್ಟು ಮರೆತೆ.

ಒಂದು ಮಧ್ಯಾಹ್ನ ಅಂಗಡಿಯಲ್ಲೇ ಬುತ್ತಿ ಬಿಚ್ಚಿದ್ದೆ. ಮೇಷ್ಟ್ರ ಫೋನು.

"ಸೈಟು ಬರವಲ್ದು. ನನ್ನ ಪದ ಹೋದುವೇನ್ರಿ?"

ಬುತ್ತಿ ಸರಿಸಿ, ಪಾಳಿಯವರ ವಿಳಾಸಕ್ಕೆ ಪತ್ರ ಬರೆದೆ: ಹೊಣೆ ಹೊರಲಾರದವರು ಹೆಸರೇಕೆ ಕೊಡುತ್ತೀರಿ, ನಾಚಿಕೆಯಾಗಬೇಕು, ಹಿರಿಯರೊಬ್ಬರ ಮೂರು ವರ್ಷದ ದುಡಿಮೆ ಅಲ್ಲಿದೆ, ಇತ್ಯಾದಿ. ಕಳಿಸಿದ ಕೂಡಲೇ ನನಗೊಂದು ಪತ್ರ ಬಂತು. ಪರವಾಗಿಲ್ಲ, ಕಂಪನಿಗಿಂತ ಇವರು ವಾಸಿ ಎಂದುಕೊಂಡು ತೆರೆದೆ. ನಾನೇ ಬರೆದ ಪತ್ರ. ಆ ವಾರದ ಪಾಳಿ ನನ್ನದಿತ್ತು.

ಒಳಹೊಕ್ಕು ನೋಡಿದೆ. ಪದಗಳೆಲ್ಲ ಇದ್ದವು, ಸರ್ವರನ್ನು ಒಮ್ಮೆ ಆರಿಸಿ ಮತ್ತೆ ಎಬ್ಬಿಸಿದರೆ ಸಾಕಿತ್ತು. ಅಷ್ಟರಲ್ಲಿ ಮತ್ತೆ ಮೇಷ್ಟ್ರ ಫೋನು.

"ಬೈದ್ರೇನ್ರಿ ಅವರಿಗೆ?"

"ಚಲೋತ್ನಂಗ ಬೈದೀನ್ರಿ. ಪದ ಎಲ್ಲಾ ಅದಾವಂತ."

"ಮತ್ತ ಯಾವಾಗ ಸರಿ ಮಾಡ್ತಾರಂತ?"

"ಊಟಕ್ಕ ಕುಂತಾರಂತ್ರಿ. ಕೈ ತೊಳ್ಕೊಂಡು ಮಾಡ್ತಾರಂತ" ಎಂದೆ.

ಮೇಷ್ಟ್ರು, "ಇಂಥಾ ಹೊತ್ನ್ಯಾಗ ಅವರಿಗೆ ತುತ್ತು ಹೆಂಗ ಇಳಿತೈತ್ರಿ?" ಎಂದರು.