ಸ್ವೀಡನ್ನಿನಲ್ಲಿ ಬಡಿಗೇರ ಎಂದರೆ ನಾನೇ

ಹೆಸರೂ ಅಡ್ಡಹೆಸರೂ ತಿರುವುಮುರುವಾದವನಿಗೆ ಇಂಥ ಪ್ರಸಂಗಗಳು ತಪ್ಪಿದ್ದಲ್ಲ. ನಾನು ಈರಣ್ಣ, ಬಡಿಗೇರ ನಮ್ಮ ಮನೆತನದ ಅಡ್ಡಹೆಸರು. ಬಾಗಲಕೋಟೆಯ ಏಜೆಂಟೊಬ್ಬ ಪಾಸ್‌ಪೋರ್ಟ್ ಅರ್ಜಿಯಲ್ಲಿ ಎರಡನ್ನೂ ಅದಲುಬದಲು ಮಾಡಿದ. ಸ್ವೀಡನ್ನಿನಲ್ಲಿ ಬಾಸನ್ನೂ ಮೊದಲ ಹೆಸರಿನಿಂದಲೇ ಕರೆಯುತ್ತಾರೆ. ಹೀಗಾಗಿ ಇಲ್ಲಿ ನಾನು ಎಲ್ಲರಿಗೂ ಬಡಿಗೇರ.

ಮೊದಲ ದಿನ

ಲಿಂಡ್‌ಹೋಲ್ಮೆನ್ ಬಡಾವಣೆಯ ಆಫೀಸಿನಲ್ಲಿ ಮ್ಯಾನೇಜರ್ ಹಿಂದಿನಿಂದ "ಬಡಿಗೇರ, ಬಡಿಗೇರ" ಎಂದು ಕರೆಯುತ್ತಲೇ ಇದ್ದಳು. ನಾನು ತಿರುಗಲೇ ಇಲ್ಲ. ಕೊನೆಗೆ ಭುಜ ತಟ್ಟಿದಳು.

"ಸಾರಿ, ನಮ್ಮಪ್ಪನ್ನ ಕರೀತಿದ್ದೀರಿ ಅಂದ್ಕೊಂಡೆ" ಅಂದೆ.

"ಅವರೂ ಬಂದಿದ್ದಾರಾ?" ಎಂದು ಇನ್ನೊಂದು ಕುರ್ಚಿ ಎಳೆದಳು.

ಅಂಗಳದ ಬೆಂಚು

ವಸಂತ ಬಂತೆಂದರೆ ನಮ್ಮ ಅಪಾರ್ಟ್‌ಮೆಂಟಿನವರೆಲ್ಲ ಸೇರಿ ಅಂಗಳ ಗುಡಿಸಿ, ಮುರಿದದ್ದನ್ನು ತಾವೇ ರಿಪೇರಿ ಮಾಡಬೇಕು. ಸಂಘದ ಅಧ್ಯಕ್ಷೆ ನನ್ನ ಹೆಸರಿನ ಅರ್ಥ ಕೇಳಿದರು. ಮರಗೆಲಸದವನು ಎಂದೆ. ತಕ್ಷಣ ಕೈಗೆ ಸುತ್ತಿಗೆ ಬಂತು. ಮೊಳೆಗಿಂತ ಬೆರಳಿಗೇ ಹೆಚ್ಚು ಹೊಡೆದುಕೊಳ್ಳುವವ ನಾನು.

"ಅಜ್ಜನ ಕಾಲಕ್ಕೇ ಆ ಕೆಲ್ಸ ಬಿಟ್ವಿ, ಬರೀ ಹೆಸರು ಉಳಿದಿದೆ. ನಿಮ್ಮ ಸರ್‌ನೇಮ್‌ಗೂ ಗಿರಣಿಯವರು ಅಂತ ಅರ್ಥ ಅಲ್ವಾ? ನೀವೇನು ಹಿಟ್ಟು ಬೀಸ್ತೀರಾ?"

"ಬೀಸ್ತೀನಿ, ಬೇಸಿಗೆ ಕಳೆಯೋ ಹಳ್ಳಿ ಮನೇಲಿ. ನಿನಗೂ ಒಂದು ಚೀಲ ಕೊಡ್ತೀನಿ. ಮೊದ್ಲು ಬೆಂಚ್ ಮುಗಿಸು."

ಕೇಕು

ಈರಣ್ಣ ನಮ್ಮಜ್ಜನ ಹೆಸರು. ಇಲ್ಲಿ ಒಬ್ಬರೂ ಹಾಗೆ ಕರೆಯುವುದಿಲ್ಲವೆಂಬ ಸಂಕಟ ನನಗೆ ನಿಜಕ್ಕೂ ಇತ್ತು. "ಸುಮ್ನ ಕೊರಗಬ್ಯಾಡ್ರಿ, ತಿದ್ದಿಸ್ಕೊಂಡು ಬರ್ರಿ" ಎಂದು ಹೆಂಡತಿ ಗದರಿದಳು. ಅಂತೂ ಪಾಸ್‌ಪೋರ್ಟ್ ಸರಿಯಾಯಿತು. ಇಲ್ಲಿ ಖುಷಿಯ ಸುದ್ದಿ ಯಾರದೋ ಕೇಕೂ ಅವರದೇ. ನಾನೂ ಒಂದು ಕೇಕಿನ ಮೇಲೆ ದೊಡ್ಡದಾಗಿ ಈರಣ್ಣ ಎಂದು ಬರೆಸಿ, ಇನ್ನು ಮೇಲೆ ಹೀಗೇ ಕರೆಯಿರಿ ಎಂದು ಹೇಳಲು ಆಫೀಸಿನ ಫಿಕಾಗೆ, ಅಂದರೆ ಕಾಫಿ ಹೊತ್ತಿಗೆ, ಒಯ್ದೆ.

ಡಬ್ಬಿ ತೆರೆಯುವ ಮೊದಲೇ, ಮಗು ನೋಡಿಕೊಳ್ಳಲು ರಜೆ ಹಾಕಿದ್ದ ಸಹೋದ್ಯೋಗಿ ತಳ್ಳುಗಾಡಿಯೊಂದಿಗೆ ಬಂದ. ನನ್ನ ಕೈ ಹಿಡಿದು, "ನಮ್ಮಜ್ಜನೂ ಕಾರ್ಪೆಂಟರ್. ನಿನ್ನ ಹೆಸರಿನ ಅರ್ಥ ನಮಗೆ ತುಂಬಾ ಹಿಡಿಸ್ತು. ಮಗನಿಗೆ ಬಡಿಗೇರ ಅಂತಲೇ ಇಟ್ವಿ" ಅಂದ. ಅವನ ಕಣ್ಣು ತುಂಬಿತ್ತು.

ಆ ಹೆಸರು ನಾನೇ ಬಿಟ್ಟೆ ಎಂದು ಯಾವ ಬಾಯಿಂದ ಹೇಳಲಿ? ಅಷ್ಟರಲ್ಲಿ ಮ್ಯಾನೇಜರ್ ಡಬ್ಬಿ ತೆರೆದು, "ಈರಣ್ಣ ಯಾರು?" ಎಂದಳು.

"ನಮ್ಮಜ್ಜ. ಇವತ್ತು ಅವರ ಹುಟ್ಟುಹಬ್ಬ."

ಎಲ್ಲರೂ ಎದ್ದು ನಿಂತು ಹಾಡಿದರು, ಈರಣ್ಣನಿಗೆ ಹುರ್ರಾ ಎಂದು ಕೂಗಿದರು. ಸ್ವೀಡನ್ನಿನಲ್ಲಿ ನನ್ನ ಹೆಸರು ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲು. ಮನಸ್ಸು ತುಂಬಿಬಂತು. ಮ್ಯಾನೇಜರ್ ದೊಡ್ಡದೊಂದು ತುಂಡು ಕತ್ತರಿಸಿ ನನಗೆ ಕೊಡುತ್ತ, "ಅಜ್ಜನ ಪಾಲು ನೀನೇ ತಿನ್ನು, ಬಡಿಗೇರ" ಅಂದಳು.