ಮಾವನಿಗೆ ಮ್ಯೂಸಿಯಂ ತೋರಿಸಿದ್ದು

ಮೂರು ಸಾವಿರ ವರ್ಷಗಳ ಚರಿತ್ರೆಯನ್ನು ಒಂದೇ ಬೆಳಗ್ಗೆ ಅರೆದು ಕುಡಿಸಿ, ನನ್ನ ಮಾವನ ಬಾಯಲ್ಲಿ 'ಅಳಿಯ' ಎಂದು ಹೇಳಿಸದಿದ್ದರೆ ನನ್ನ ಹೆಸರು ಚು ಷೌಪಿಂಗ್ ಅಲ್ಲ ಎಂದು ಮೊನ್ನೆ ಶಪಥ ಮಾಡಿದೆ.

ಮದುವೆಯಾಗಿ ಹನ್ನೆರಡು ವರ್ಷವಾದರೂ ಆ ಪದ ಅವರ ಬಾಯಿಂದ ಉದುರಿಲ್ಲ. ಲಾನ್‌ಜೋವಿನ ತಮ್ಮ ಮನೆಯಿಂದ ಫೋನ್ ಮಾಡಿದರೆ ಮಗಳನ್ನು ಕೇಳುವುದು ಇಷ್ಟೇ: "ನಿನ್ನ ಮನೇಲಿರೋ ಮನುಷ್ಯ ಚೆನ್ನಾಗಿದಾನಾ?" ಬಾಡಿಗೆದಾರನನ್ನು ಕೂಡ ಜನ ಇದಕ್ಕಿಂತ ಪ್ರೀತಿಯಿಂದ ವಿಚಾರಿಸುತ್ತಾರೆ. ನನಗೆ ನಿಜವಾಗಿಯೂ ನೋವಾಗುತ್ತಿತ್ತು.

ಈ ಸಲ ಅವರೇ ಆನ್ಯಾಂಗಿಗೆ ಬಂದರು. ನಮ್ಮೂರಿನ ಹೆಮ್ಮೆಯೇ ಪ್ರಾಚೀನ ಯಿನ್ ರಾಜರ ರಾಜಧಾನಿಯ ಅವಶೇಷಗಳು ಮತ್ತು ಅವುಗಳ ಮ್ಯೂಸಿಯಂ. ದಿನಾ ಅದರ ಗೇಟಿನ ಮುಂದೆಯೇ ಬಸ್ಸಿನಲ್ಲಿ ಆಫೀಸಿಗೆ ಹೋಗುವವನು ನಾನು. ಒಳಗೆ ಮಾತ್ರ ಕಾಲಿಟ್ಟಿಲ್ಲ. ಊರಿನವರು ಯಾರು ತಾನೇ ಹೋಗುತ್ತಾರೆ?

"ಗೈಡ್ ಇಟ್ಕೊಳ್ಳೋಣ ರೀ," ಎಂದಳು ಹೆಂಡತಿ ರುಯಿಫಾನ್.

"ನಾನಿರೋವಾಗ ಗೈಡ್ ಯಾಕೆ?" ಎಂದು ಎದೆಯುಬ್ಬಿಸಿ ಒಳಗೆ ನಡೆದೆ.

ಮೊದಲು ಸಿಕ್ಕಿದ್ದು ಅಕ್ಷರ ಕೆತ್ತಿದ ಆಮೆಯ ಚಿಪ್ಪುಗಳು. ಹಿಂದಿನ ರಾಜರು ಹಲ್ಲು ನೋವಿಗೂ ಚಿಪ್ಪು ಸುಟ್ಟು ಶಕುನ ಕೇಳುತ್ತಿದ್ದರೆಂದು ಶಾಲೆಯಲ್ಲಿ ಓದಿದ್ದೆ. ಉಳಿದದ್ದನ್ನು ನಾನೇ ಸೇರಿಸಿದೆ. "ಮಾವ, ಇದರಲ್ಲಿ ಏನು ಬರೆದಿದೆ ಗೊತ್ತಾ? ಹೆಣ್ಣು ಕೊಟ್ಟ ಮಾವ ಮನೆಗೆ ಬಂದ್ರೆ ಮಳೆ ಬೆಳೆ ಚೆನ್ನಾಗಿ ಆಗುತ್ತೆ ಅಂತ."

"ಯಾವಾಗ ವಾಪಸ್ ಹೋಗ್ತಾನೆ ಅಂತ ಬರೆದಿಲ್ವಾ?" ಎಂದರು ಮಾವ.

ಹಿಂದೆ ಯಾರೋ ನಕ್ಕರು. ತಿರುಗಿ ನೋಡಿದರೆ ಹಳದಿ ಟೋಪಿಯ ಏಳೆಂಟು ಪ್ರವಾಸಿಗರು! ಕೇಳುವವರಿದ್ದರೆ ನನ್ನ ನಾಲಿಗೆಗೆ ಮೂಳೆ ಇರುವುದಿಲ್ಲ. ಪ್ರತಿ ಗಾಜಿನ ಪೆಟ್ಟಿಗೆಯ ಮುಂದೆಯೂ ಒಬ್ಬ ರಾಜನನ್ನು ಹುಟ್ಟಿಸಿ, ಮುಂದಿನ ಪೆಟ್ಟಿಗೆ ಬರುವಷ್ಟರಲ್ಲಿ ಸಾಯಿಸಿದೆ. ಹಳದಿ ಟೋಪಿಗಳು ಮೂವತ್ತಾದವು. ಅವರ ಅಸಲಿ ಗೈಡ್ ಹುಡುಗಿಯ ಕೈಯಲ್ಲಿ ಬಾವುಟ ಮಾತ್ರ ಉಳಿದಿತ್ತು.

ಕೊನೆಗೆ ಬಂತು ಕಂಚಿನ ಹಬೆಪಾತ್ರೆ.

"ಮಹಾಜನಗಳೇ, ಬೆಳಗಾದ್ರೆ ಮಹಾರಾಜರು ಇದರಲ್ಲೇ ಮಂಟೌ ಬನ್ನು ಬೇಯಿಸಿಕೊಂಡು ಬಿಸಿಬಿಸಿ ತಿಂತಿದ್ರು. ನೋಡಿ, ಒಂದು ಇನ್ನೂ ಒಳಗೇ ಉಳಿದಿದೆ."

ಮಾವ ಕನ್ನಡಕ ಹಾಕಿಕೊಂಡು ಗಾಜಿನ ಹತ್ತಿರ ಬಗ್ಗಿದರು.

"ಅದಕ್ಕೆ ಹಲ್ಲಿದೆ," ಎಂದರು.

ಬಗ್ಗಿ ನೋಡಿದೆ. ಅದು ಮನುಷ್ಯನ ತಲೆಬುರುಡೆ! ಬಲಿಯಾದವರದೆಂದು ಕೆಳಗಿನ ಫಲಕದಲ್ಲಿ ದಪ್ಪಕ್ಷರದಲ್ಲೇ ಬರೆದಿತ್ತು. ಹಳದಿ ಟೋಪಿಯ ಅಜ್ಜಿಯೊಬ್ಬರು ಕಿಟಾರನೆ ಕಿರುಚಿ ಕುಸಿದು ಕುಳಿತರು. ಕಾವಲುಗಾರ ಓಡಿ ಬಂದ. ಹಿಂದೆಯೇ ಬಾವುಟದ ಹುಡುಗಿ.

"ಇವರೇ ಸರ್. ಲೈಸೆನ್ಸ್ ಇಲ್ಲದ ಗೈಡು. ನನ್ನ ಜನಾನೆಲ್ಲಾ ಎಳ್ಕೊಂಡು ಬಂದ್ರು."

"ಕಾರ್ಡ್ ತೋರಿಸ್ರೀ," ಎಂದ ಕಾವಲುಗಾರ.

"ನಾನು ಗೈಡಲ್ಲ ಸ್ವಾಮಿ, ಮನೆಯವರ ಜೊತೆ ಬಂದಿದೀನಿ. ಬೇಕಾದ್ರೆ ನನ್ನ ಹೆಂಡ್ತೀನ ಕೇಳಿ."

ಹೆಂಡತಿಯೋ, ಜನ್ಮದಲ್ಲಿ ನನ್ನ ಮುಖ ಕಂಡಿಲ್ಲದವಳಂತೆ ಪಕ್ಕದ ಪೆಟ್ಟಿಗೆಯ ಕೂದಲಿಗೆ ಸಿಕ್ಕಿಸುವ ಮೂಳೆಯ ಕಡ್ಡಿಗಳನ್ನು ಒಂದೊಂದಾಗಿ ನೋಡುತ್ತಿದ್ದಳು.

ಕಾವಲುಗಾರ ಮಾವನ ಕಡೆ ತಿರುಗಿದ. "ತಾತ, ನೀವೇ ಹೇಳಿ. ದುಡ್ಡು ಕೊಟ್ಟು ಕರ್ಕೊಂಡು ಬಂದ್ರಾ? ಈ ಮನುಷ್ಯ ನಿಮಗೇನಾಗಬೇಕು?"

ನಾನು ಮಾವನ ತುಟಿಯನ್ನೇ ನೋಡಿದೆ. ಅವರು ಕನ್ನಡಕ ತೆಗೆದರು, ಒರೆಸಿದರು, ಜೇಬಿಗಿಟ್ಟರು.

"ದುಡ್ಡು ಕೊಟ್ಟು ಇಂಥವನ್ನ ಯಾರಪ್ಪಾ ಕರ್ಕೊಂಡು ಬರ್ತಾರೆ? ನನ್ನ ಅಳಿಯ," ಎಂದು ನಿಟ್ಟುಸಿರು ಬಿಟ್ಟರು. "ಹನ್ನೆರಡು ವರ್ಷದಿಂದ ಯಾರಿಗೂ ಹೇಳಿರಲಿಲ್ಲ."