ನಾಲ್ಕನೇ ಮಹಡಿಯ ಅಮ್ಮನ ಪರವಾಗಿ ನಡುಮನೆಗೆ

ನಗರಾಡಳಿತದ ‘ನಡುಮನೆ’ ತಂತ್ರಾಂಶದ ದಿವ್ಯ ಸನ್ನಿಧಿಗೆ,

ಮಾನ್ಯರೇ,

ಆಡಳಿತದ ಸಕಲ ಸೇವೆಗಳ ನಡುವೆ ಹಗಲಿರುಳೆನ್ನದೆ ಸುದ್ದಿ ಸಾಗಿಸುತ್ತಿರುವ ತಮಗೆ, ಸೋಫಾಗಳಿಗೆ ಮೆತ್ತೆ ಹೊಲಿದು ಬದುಕುವ ಈ ಬಡಪಾಯಿಯ ಅನಂತಾನಂತ ನಮಸ್ಕಾರಗಳು. ತಾವು ಮನುಷ್ಯರಲ್ಲ ಎಂದು ಬಲ್ಲವರು ಹೇಳುತ್ತಾರೆ. ಆದರೆ ನನ್ನ ಹುಟ್ಟುಹಬ್ಬವನ್ನು ಒಡಹುಟ್ಟಿದ ತಮ್ಮನೇ ಮರೆತಿದ್ದಾಗ ತಾವೊಬ್ಬರೇ ನೆನಪಿಟ್ಟುಕೊಂಡು ಶುಭಾಶಯ ಕಳಿಸಿದ್ದರಿಂದ, ತಮಗೆ ಕಿವಿಯಿಲ್ಲದಿದ್ದರೂ ಕರುಳಾದರೂ ಇದ್ದೀತೆಂಬ ಧೈರ್ಯದ ಮೇಲೆ ಈ ಪತ್ರವನ್ನು ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ನನ್ನ ಅಮ್ಮನ ಸಂಗತಿ ತಮಗೆ ಗೊತ್ತೇ ಇದೆ, ಅಥವಾ ತಮ್ಮ ಕೈಕೆಳಗಿನ ಯಾವುದೋ ಒಂದು ಸೇವೆಗೆ ಗೊತ್ತಿದೆ. ಸೊಂಟದ ಮೂಳೆ ಮುರಿದ ಮೇಲೆ ಆಕೆ, ಲಿಫ್ಟ್ ಇಲ್ಲದ ನಮ್ಮ ವಸತಿ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಕಿಟಕಿಯ ಪಕ್ಕ ಕೂತವಳು ಮತ್ತೆ ಬೀದಿಗೆ ಇಳಿದಿರಲಿಲ್ಲ. ಹೋಗಿಬರುವವರನ್ನೆಲ್ಲ ತಡೆದು ನಿಲ್ಲಿಸಿ ಮಾತಾಡಿಸುತ್ತಿದ್ದ ಹೆಂಗಸು, “ಮೇಲಿಂದ ಬರೀ ನೆತ್ತಿ ಕಾಣುತ್ತೆ ಕಣೇ, ಯಾರ್ಯಾರಿಗೆ ಕೂದಲು ಉದುರ್ತಿದೆ ಅಂತ ಗೊತ್ತಾಗಿದ್ದಷ್ಟೇ ಲಾಭ, ಒಂದು ಮುಖ ನೋಡೋ ಹಾಗಿಲ್ಲ” ಎಂದು ಗೊಣಗುತ್ತಾ ದಿನ ದೂಡುತ್ತಿದ್ದಳು. ನೆಲಮಹಡಿಯ ಕ್ಷೌರಿಕನಿಗೋ ದಿನವಿಡೀ ನೆತ್ತಿ ನೋಡಿ ಅಭ್ಯಾಸ, ಅವನ ಹೆಂಡತಿಗೆ ಬೀದಿಯ ಗದ್ದಲವೆಂದರೆ ತಲೆಸಿಡಿತ. ಮನೆ ಅದಲುಬದಲು ಮಾಡಿಕೊಳ್ಳೋಣವೇ ಎಂದು ಅವನೇ ಬಾಯಿಬಿಟ್ಟು ಕೇಳಿದ, ಮತ್ತು ಇಬ್ಬರೂ ಒಂದೇ ದಿನ ತಮಗೆ ಅರ್ಜಿ ಹಾಕಿದೆವು.

ಅಲ್ಲಿಂದ ಮುಂದೆ ತಾವು ತೋರಿದ ಶಿಸ್ತನ್ನು ಹೊಗಳಲು ನನ್ನ ನಾಲಿಗೆ ಸಾಲದು. ತಮ್ಮ ವಸತಿ ಸೇವೆಯು ತಮ್ಮ ವಿಳಾಸ ಸೇವೆಯನ್ನು ನೆಲಮಹಡಿ ಖಾಲಿಯಿದೆಯೇ ಎಂದು ಕೇಳಿತು; ಇಲ್ಲ, ಅಲ್ಲಿ ಕ್ಷೌರಿಕನಿದ್ದಾನೆ, ಅವನು ಹೊರಡುವವರೆಗೆ ಕಾಯಿರಿ ಎಂದು ಉತ್ತರ ಬಂತು. ಅವನ ಅರ್ಜಿಗೆ ನಾಲ್ಕನೇ ಮಹಡಿ ಖಾಲಿಯಿದೆಯೇ ಎಂದು ಕೇಳಿತು. ಇಲ್ಲ, ಅಲ್ಲಿ ಅಮ್ಮ ಇದ್ದಾಳೆ, ಆಕೆ ಹೊರಡುವವರೆಗೆ ಕಾಯಿರಿ ಎಂದು ಅದೇ ವಿನಯದ ಉತ್ತರ ಬಂತು. ಹೀಗೆ ಎರಡು ಅರ್ಜಿಗಳು ‘ತಾವು ಮೊದಲು, ತಾವು ಮೊದಲು’ ಎಂದು ಹೊಸಿಲಲ್ಲೇ ನಿಂತು ಬೇಸಿಗೆ ಕಳೆದವು.

ಸೇವಾ ಕೇಂದ್ರದ ತಂತ್ರಜ್ಞೆ ಬಹಳ ಒಳ್ಳೆಯ ಹುಡುಗಿ, ನನ್ನನ್ನು ಕೂರಿಸಿಕೊಂಡು ನಿಧಾನವಾಗಿ ವಿವರಿಸಿದಳು: “ಹಿಂದೆ ಎಲ್ಲಾ ಒಂದೇ ದೊಡ್ಡ ತಂತ್ರಾಂಶ ಆಗಿತ್ತು ಅಕ್ಕಾ, ಒಂದು ಕಡೆ ಕೈ ಹಾಕಿದ್ರೆ ಇನ್ನೊಂದು ಕಡೆ ಕೆಡೋದು. ಈಗ ಒಂದೊಂದು ಸೇವೆಗೆ ಒಂದೊಂದೇ ಕೆಲಸ. ಯಾರೂ ಇನ್ನೊಬ್ಬರ ವಿಷಯದಲ್ಲಿ ಮೂಗು ತೂರ್ಸಲ್ಲ, ಏನು ಬೇಕಿದ್ರೂ ನಡುಮನೆ ಮೂಲಕವೇ ಕೇಳ್ಬೇಕು.” ಅಂದರೆ ಮುಖ ಕೊಟ್ಟು ಮಾತಾಡದ ವಾರಗಿತ್ತಿಯರು, ನಡುವೆ ಸುದ್ದಿ ಮುಟ್ಟಿಸುವ ಅತ್ತೆಯಾಗಿ ತಾವು. ಇಂಥ ಸಂಸಾರ ನಾನೂ ಮಾಡಿದ್ದೇನೆ, ಆದ್ದರಿಂದ ಕೂಡಲೇ ಅರ್ಥವಾಯಿತು. ಒಂದು ಕುಟುಂಬ ಸ್ವಲ್ಪ ಹೊತ್ತು ‘ಎಲ್ಲೂ ಇಲ್ಲ’ ಎಂದು ನಮೂದಿಸಿದರೆ ದಾರಿಯಾದೀತೆಂದು ಆಕೆ ಸೂಚಿಸಿದಳು, ಆದರೆ ಎಲ್ಲೂ ಇಲ್ಲದವರಿಗೆ ನೀರಿನ ಸೇವೆ ನೀರು ನಿಲ್ಲಿಸುತ್ತದೆ, ಶಾಲೆಯ ಸೇವೆ ಮಗಳ ಹೆಸರು ತೆಗೆಯುತ್ತದೆ ಎಂದು ತಿಳಿದ ಕ್ಷೌರಿಕ, “ಎಲ್ಲೂ ಇಲ್ಲದೋನು ಕತ್ತರಿ ಹಿಡ್ಕೊಂಡು ನಿಂತ್ರೆ ಗಿರಾಕಿ ಹೆದರ್ಕೊಳ್ಳಲ್ವೇನಮ್ಮಾ?” ಎಂದು ಜಾರಿಕೊಂಡ.

ಕೊನೆಗೆ ತಮಗೆ ತೊಂದರೆ ಕೊಡಬಾರದೆಂದು ನಾವೇ ಒಂದು ಭಾನುವಾರ ಮಂಚ, ಪಾತ್ರೆ, ಹೊಲಿಗೆ ಯಂತ್ರಗಳನ್ನು ಅದಲುಬದಲು ಮಾಡಿಕೊಂಡೆವು. ಅಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಮೊದಲ ದಿನವೇ ಸೊಪ್ಪಿನವಳೊಂದಿಗೆ ಜಗಳ ತೆಗೆದಳು. ಆ ಜಗಳ ಕೇಳಿ ನಾನು ಒಳಗೆ ಸೂಜಿ ಹಿಡಿದುಕೊಂಡೇ ಅತ್ತೆ, ಸಂತೋಷಕ್ಕೆ.

ಆದರೆ ತಮ್ಮ ಆರೋಗ್ಯ ಸೇವೆ ನಮ್ಮನ್ನು ಕೈಬಿಡಲಿಲ್ಲ. ವ್ಯಾಯಾಮ ಕಲಿಸಲು ಬರುವ ದಾದಿ, ಬಾಗಿಲ ಮೇಲಿನ ಮನೆ ಸಂಖ್ಯೆಯ ಫಲಕಕ್ಕೆ ತನ್ನ ಯಂತ್ರ ಹಿಡಿದು, ಅದು ‘ಹೌದು, ಇದೇ ರೋಗಿಯ ಮನೆ’ ಎಂದ ಮೇಲೆಯೇ ಕೆಲಸ ಶುರು ಮಾಡಬೇಕು, ಇಲ್ಲದಿದ್ದರೆ ಆಕೆಗೆ ಗೈರುಹಾಜರಿ. ರೋಗಿಯ ಮನೆ ತಮ್ಮ ದಾಖಲೆಯಲ್ಲಿ ಇನ್ನೂ ನಾಲ್ಕನೇ ಮಹಡಿ. ಹಾಗಾಗಿ ನಾನು ಒಂದು ಕುರ್ಚಿಗೆ ಗಟ್ಟಿ ಹಿಡಿಕೆ ಬಡಿದು, ಕ್ಷೌರಿಕನೂ ನಾನೂ ಏದುಸಿರು ಬಿಡುತ್ತಾ ಪ್ರತಿ ಪಾಠಕ್ಕೂ ಅಮ್ಮನನ್ನು ಮೇಲಕ್ಕೆ ಹೊತ್ತೆವು. ಅಲ್ಲಿ ಆಕೆಗೆ ಮೆಟ್ಟಿಲು ಹತ್ತುವುದನ್ನು ಕಲಿಸಲಾಯಿತು. ಪಾಠ ಮುಗಿದ ಮೇಲೆ ಹೊತ್ತು ಕೆಳಗಿಳಿಸಿದೆವು. ವ್ಯಾಯಾಮದಿಂದ ಅಮ್ಮನಿಗೇನಾಯಿತೋ ಗೊತ್ತಿಲ್ಲ, ಕ್ಷೌರಿಕನ ತೋಳುಗಳು ಮಾತ್ರ ನೋಡುವಂತಾಗಿವೆ.

ಮೊನ್ನೆ ದಾದಿಯ ಯಂತ್ರ, ರೋಗಿ ಬೀದಿಗೆ ಹೋಗಿಬರುತ್ತಾರೆಯೇ ಎಂದು ಕೇಳಿತು. ನಾನು ಕಣ್ಸನ್ನೆ ಮಾಡುವಷ್ಟರಲ್ಲಿ ನಮ್ಮ ಅಮ್ಮ, ಜಂಬ ಬಿಟ್ಟಾಳೆಯೇ, “ದಿನಾ! ಬೆಳಿಗ್ಗೆ ಹೋದ್ರೆ ಕತ್ತಲಾದ ಮೇಲೇ ಒಳಗೆ ಬರೋದು” ಎಂದುಬಿಟ್ಟಳು. ಮರುಕ್ಷಣವೇ ತಮ್ಮ ಸಂದೇಶ ಬಂತು: ತಮ್ಮ ತಾಯಿಯವರು ನಾಲ್ಕು ಮಹಡಿ ಇಳಿದು ಹತ್ತುವಷ್ಟು ಚೇತರಿಸಿಕೊಂಡದ್ದಕ್ಕೆ ಅಭಿನಂದನೆಗಳು, ನೆಲಮಹಡಿಯ ಅಗತ್ಯ ತೀರಿದ್ದರಿಂದ ಅರ್ಜಿ ಮುಕ್ತಾಯಗೊಳಿಸಲಾಗಿದೆ, ಮುಂದಿನ ವಾರ ತಪಾಸಣೆಗಾರರು ಬಂದು ಯಾರ ಮನೆಯಲ್ಲಿ ಯಾರಿದ್ದಾರೆಂದು ನೋಡುತ್ತಾರೆ. ಇಷ್ಟು ದಿನ ಒಂದಕ್ಕೊಂದು ಮಾತಾಡದ ಸೇವೆಗಳೆಲ್ಲ ನನ್ನ ಅಮ್ಮನನ್ನು ಮತ್ತೆ ಮೇಲೆ ಹತ್ತಿಸುವ ವಿಷಯಕ್ಕೆ ಒಂದೇ ಉಸಿರಿನಲ್ಲಿ ಒಂದಾದವಲ್ಲ! ನನಗೆ ಮೈಯೆಲ್ಲ ಉರಿಯಿತು ಎಂಬುದನ್ನು ಅತ್ಯಂತ ಗೌರವಪೂರ್ವಕವಾಗಿ ನಿವೇದಿಸುತ್ತೇನೆ.

ಆದ್ದರಿಂದ ತಾವು ದಯಮಾಡಿ ಕಟ್ಟಡಗಳ ಸೇವೆಗೆ ಒಂದು ಮಾತು ಹೇಳಿ ನಾಲ್ಕನೇ ಮಹಡಿಯನ್ನು ಬೀದಿಯ ಮಟ್ಟಕ್ಕೆ ಇಳಿಸಿಕೊಡಬೇಕು; ಅದು ಕಷ್ಟವಾದರೆ ಬೀದಿಯನ್ನು ಸೊಪ್ಪಿನವಳ ಸಮೇತ ಮೇಲಕ್ಕೆತ್ತಿಸಬೇಕು; ಅದೂ ಆಗದಿದ್ದರೆ, ಬಾಗಿಲಿನ ಫಲಕಗಳು ತಮ್ಮ ಯಾವ ಸೇವೆಯ ಸುಪರ್ದಿಯಲ್ಲಿವೆ ಎಂಬುದನ್ನಾದರೂ ತಿಳಿಸಬೇಕೆಂದು ಪ್ರಾರ್ಥಿಸುತ್ತೇನೆ.

ದಾಖಲೆಯಲ್ಲಿ ಮೇಲೂ ನೆಲದ ಮೇಲೆ ಕೆಳಗೂ ಏಕಕಾಲಕ್ಕೆ ವಾಸಿಸುತ್ತಿರುವ,
ತಮ್ಮ ವಿಶ್ವಾಸಿ,
ಸೋಫಾ ಹೊಲಿಯುವವಳು

ಮರೆತ ಮಾತು: ಪತ್ರ ಅಂಚೆಗೆ ಹಾಕುವ ಮುನ್ನವೇ, ಫಲಕದ ಬಗ್ಗೆ ತಂತ್ರಜ್ಞೆಯ ಮೂಲಕ ಕೇಳಿಸಿದ್ದ ಪ್ರಶ್ನೆಗೆ ತಮ್ಮ ಉತ್ತರ ತಲುಪಿತು: ಫಲಕಗಳಿಗೆ ಸಂಬಂಧಿಸಿದ ಸೇವೆ ಯಾವುದೂ ಇಲ್ಲ. ಇಲ್ಲದ ಸೇವೆಯ ಅನುಮತಿ ಕೇಳುವುದು ಉದ್ಧಟತನವಾದೀತೆಂದು ಕ್ಷೌರಿಕನೂ ನಾನೂ ನನ್ನ ತಿರುಪುಳಿಯಿಂದ ಎರಡೂ ಫಲಕಗಳನ್ನು ಬಿಚ್ಚಿ, ಅವನದ್ದನ್ನು ಮೇಲೆ, ನಮ್ಮದನ್ನು ಕೆಳಗೆ ಕೂರಿಸಿದೆವು. ಇಂದು ದಾದಿ ಬೀದಿಯಲ್ಲೇ ನಿಂತು ಯಂತ್ರ ಹಿಡಿದಳು. ಅದು ‘ಹೌದು’ ಎಂದಿತು. ತಪಾಸಣೆಗಾರರು ಧಾರಾಳವಾಗಿ ಬರಲಿ, ಅವರವರ ಫಲಕದ ಹಿಂದೆ ಅವರವರೇ ಸಿಗುತ್ತಾರೆ. ನಾಲ್ಕನೇ ಮಹಡಿಯಿಂದ ಮುಖಗಳು ಇಷ್ಟು ಚೆನ್ನಾಗಿ ಕಾಣುತ್ತವೆಂದು ಅಮ್ಮನಿಗೆ ಇದುವರೆಗೂ ಗೊತ್ತೇ ಇರಲಿಲ್ಲವಂತೆ.